ಹಂಗಾರಕಟ್ಟೆಯ ಒಬ್ಬರು

ಸೈಬರ್ ಕೆಫೆಯಲ್ಲಿ ಗಂಟೆಗೆ ಮೂವತ್ತು ರೂಪಾಯಿ ಆಗ.
ಮಲ್ಪೆಯ ಐಸ್ ಪ್ಲಾಂಟಿನ ಲೆಕ್ಕ ಬರೆದು ಮುಗಿಸಿ
ಉಡುಪಿಗೆ ಬಂದು ಕೂತರೆ ಒಂದೇ ಒಂದು ಪತ್ರ,
ಮೈತುಂಬ ಬಾಣದ ಗುರುತು:
'ಟೆಲಿಫೋನ್ ಇಲಾಖೆಯವ ಅಂತ ಯಾರಾದರೂ ಫೋನ್ ಮಾಡಿ
ಒಂಬತ್ತು, ಸೊನ್ನೆ, ಹ್ಯಾಶ್ ಒತ್ತಿ ಅಂದರೆ
ಒತ್ತಬೇಡಿ. ನಿಮ್ಮ ಲೈನು ಅವನ ಪಾಲು.
ಹತ್ತು ಜನಕ್ಕೆ ಕಳಿಸಿ.'

ಕಳಿಸಿದೆ.
ಕಳಿಸುವಾಗ ಉಪ್ಪು ಸಾಲದು ಅನ್ನಿಸಿ
ಒಂದು ಸಾಲು ನಾನೇ ಸೇರಿಸಿದೆ:
'ಹಂಗಾರಕಟ್ಟೆಯ ಒಬ್ಬರಿಗೆ ನಲವತ್ತು ಸಾವಿರ ಬಿಲ್ ಬಂದಿದೆಯಂತೆ.'
ಆ 'ಅಂತೆ'ಯೇ ನನ್ನ ಜಾಮೀನು.

ಮಳೆಗಾಲ ಕಳೆದು ಬೋಟು ಕಡಲಿಗಿಳಿಯುವ ಹೊತ್ತಿಗೆ
ಪತ್ರ ವಾಪಸು ಬಂತು, ಮಸ್ಕತ್ತು ಸುತ್ತಿ.
ಆ ಒಬ್ಬರಿಗೆ ಈಗ ಹೆಸರು ಉಂಟು: ವಾಮನ ಖಾರ್ವಿ.
ಎರಡು ಬಲೆ ಮಾರಿದ್ದಾರೆ.
ಹೆಂಡತಿಯ ಕರಿಮಣಿ ಸೊಸೈಟಿಯಲ್ಲಿ ಅಡವು.
ಮಗಳ ನಿಶ್ಚಯ ಮುಂದೆ ಹೋಗಿದೆ.

ಎಂತ ಮಾಡುವುದು ಮಾರಾಯ್ರೆ,
ಕೌಂಟರಿನ ಶಬಾನಾ ಇಣುಕಿ ಓದಿ ಚ್ಚು ಚ್ಚು ಅಂದಳು,
ನನಗೂ ಗಂಟಲು ಕಟ್ಟಿತು.
ನಲವತ್ತು ಯಾಕೆ ಬರೆದೆ,
ನಾಲ್ಕು ಸಾಕಿತ್ತಲ್ಲ.

ಆಮೇಲೊಂದು ಮಧ್ಯಾಹ್ನ, ಪ್ಲಾಂಟಿನಲ್ಲಿ ಯಾರೂ ಇಲ್ಲ.
ಕ್ರಷರ್ ನಿಂತಿತ್ತು, ತೊಟ್ಟಿಕ್ಕುವ ನೀರು ಮಾತ್ರ.
ಸುಳ್ಳೋ ನಿಜವೋ ನೋಡೇಬಿಡುವ ಅಂತ
ರಿಸೀವರು ಎತ್ತಿದೆ.
ಒಂಬತ್ತು.
ಸೊನ್ನೆ.
ಹ್ಯಾಶಿನ ಮೇಲೆ ಬೆರಳು ಇಟ್ಟದ್ದು ಇಟ್ಟ ಹಾಗೇ,
ಕಿವಿಯಲ್ಲಿ ಯಾರೋ ಉಸಿರು ಹಿಡಿದು ಕಾಯುವಂಥ ಮೌನ.

ಇಟ್ಟುಬಿಟ್ಟೆ.
ಪಾಪ, ವಾಮನಣ್ಣನಿಗೆ ಇನ್ನೊಂದು ಬಿಲ್ ಬಂದರೆ?