ಎಣಿಕಿ ತಪ್ಪಿದ ಐತವಾರ

ನಾನಾ ಪೇಠದಾಗ, ಹಳೇ ಟಯರಿನ ಓಣಿಯ ಕೊನೀಗೆ
ದಿಲಾವರ ಮುಜಾವರನ ಗ್ಯಾರೇಜು.
ಶಟರು ಅರ್ಧಾ ಏರಿದ್ರ ಸಾಕು, ಬಗ್ಗಿ ಒಳಗ ಹೋಗತೇವಿ.
ಐತವಾರ, ನಸುಕಿನ ನಾಕೂವರಿ,
ಪೆಟ್ರೋಲಿನಾಗ ಆಯಿಲ್ ಬೆರಸೂ ಹೊತ್ತು.
ಅಳತಿಗೆ ಅವನ ಹತ್ರ ಒಂದ ಮಗ್ಗು,
ಮಗಳು ಸಣ್ಣಾಕಿದ್ದಾಗ ಹಾಲು ಕುಡದದ್ದು,
ಬದೀಗೆ ಅರ್ಧಾ ಅಳಸಿದ ಬಾತುಕೋಳಿ.

ವಾರೆಲ್ಲಾ ನಾ ಬಸ್ಸಿನಾಗ ಟಿಕೇಟ್ ಹರಿಯೂ ಹೆಂಗಸು.
ಸ್ವಾರಗೇಟ, ಪದ್ಮಾವತಿ, ಧನಕವಡಿ,
ಚಿಲ್ಲರ ಕೊಡ್ರಿ, ಮುಂದ ಸರೀರಿ.
ಮುಂದಿನ ಗಾಜಿನ್ಯಾಗ ರಸ್ತೆ ಹೆಂಗ ಬರತದ
ಅಂತ ಡ್ರೈವರಗಷ್ಟ ಗೊತ್ತು.
ಐತವಾರ ಮಾತ್ರ ಅದು ಸೀದಾ ನನ್ನ ಮಾರಿಗೆ ಬರತದ.

ನನ್ನ ಯೆಜ್ಡಿ ಮೈಸೂರಾಗ ಹುಟ್ಟಿದ್ದು, ನನಗಿಂತ ನಾಕ ವರ್ಷ ದೊಡ್ಡದು.
ಭವಾನಿ ಪೇಠದ ಗುಜರಿಯಾಗ ಕಬ್ಬಿಣದ ತೂಕಕ್ಕ ಹೊಂಟಿತ್ತು,
ಚೀಟಿ ಎತ್ತಿದ ರೊಕ್ಕಾ ಕೊಟ್ಟು ಬಿಡಿಸ್ಕೊಂಡ ಬಂದೆ.
ಹಟಮಾರಿ. ಒಂದ ಕಿಕ್ಕಿಗೆ ಎಂದೂ ಎದ್ದಿಲ್ಲ.
ಟ್ಯಾಂಕಿನ ಮ್ಯಾಲ ಕೈಯಿಟ್ಟು ಅಂತೇನಿ:
"ಏಳವ್ವ, ಹೊತ್ತಾತು. ಸಿಟ್ಟ್ಯಾಕ?"
ಆಮ್ಯಾಲ ಏಳತದ.
ಇದನ್ನ ನೋಡಿ ಮಂದಿ ನಂಬಿಬಿಟ್ಟಾರ,
ಈ ಗಾಡಿಗೋಳಿಗೆ ಕನ್ನಡಾ ಅಷ್ಟ ತಿಳೀತದ ಅಂತ.
ಯಾರದರ ಗಾಡಿ ಮುನಿಸ್ಕೊಂಡ್ರ ನನಗ ಕರಿ:
"ಬಾಯೀ, ಜರಾ ನಿಮ್ಮ ಭಾಷಾದಾಗ ಹೇಳ್ರಿ ಇದಕ."
ಬೇಕರಿ ಹೋಶಂಗನ ಪ್ಲಗ್ಗು ಹೊಲಸಾಗಿತ್ತು, ನನಗ ಗೊತ್ತಿತ್ತು.
ಆದರೂ ಎರಡ ಮಾತು ಹೇಳಿ
ಕಣ್ಣಿಲೇ ದಿಲಾವರಗ ಪ್ಲಗ್ಗು ತೋರಿಸಿದೆ.

ಅವತ್ತು ಏಳು ಗಾಡಿ.
ಮುಂದ ಶಲಾಕಾ, ಹಲ್ಲಿನ ಡಾಕ್ಟರ,
ಅಕಿ ಕೈ ಎತ್ತಿದ್ರ ಗುಂಡಿ, ಕಾಲ ಚಾಚಿದ್ರ ಮರಳು.
ಅಕಿ ಹಿಂದ ನಾನು. ನಡುವ ಮಾರ್ಕೆಟ್ ಯಾರ್ಡಿನ ಸೋಪಾನ,
ಉಳ್ಳಾಗಡ್ಡಿ ದಲಾಲ, ಸಾಲಾ ಕೊಟ್ಟು ಮರತಂಗ ಮಾಡಾಂವ.
ಒಬ್ಬ ಹೊಸಾ ಹುಡುಗ ಇದ್ದ, ಹೆಸರು ಇನ್ನೂ ಕೇಳಿದ್ದಿಲ್ಲ.
ಕಟ್ಟಕಡೀಗೆ ವಾಮನರಾವ, ಪೆನ್ಶನ್ ಆದ ಟಪಾಲಿನವ:
"ಯಾರೂ ಹಿಂದ ಉಳೀಬಾರದು, ಅದಕ್ಕ ನಾ ಹಿಂದ."
ಖರೇ ಅಂದ್ರ ಅವನ ಗಾಡಿ ಓಡೂದ ಅಷ್ಟು.

ಕಾತ್ರಜ ಘಾಟಿನಾಗ ತಿರುವಿಗೊಮ್ಮೆ ಕನ್ನಡ್ಯಾಗ ಎಣಸತೇನಿ,
ಟಿಕೇಟಿನ ಚಟ, ಲೆಕ್ಕ ಕೂಡಬೇಕು.
ಐದು ದೀಪ. ಐದು ದೀಪ.
ಹಳೇ ಬೋಗದಾ ದಾಟಿದ ಮ್ಯಾಲ ನಾಕು.
ಮತ್ತ ಎಣಿಸಿದೆ. ನಾಕ.

ಮೂರ ಸಲ ಹಾರ್ನು. ಎಲ್ಲಾರೂ ನಿಂತ್ರು.
ಸೋಪಾನ ಹೆಲ್ಮೆಟ್ ತಗದ, ಮತ್ತ ಹಾಕ್ಕೊಂಡ.
ಫೋನು ಹತ್ತಲಿಲ್ಲ.
ಬೋಗದಾದಿಂದ ತಿರುಗಿ ಈಚೆ ಬಂದ್ರ
ಕೆಳಗ ಇಡೀ ಪುಣೆ, ಲಕ್ಷಗಟ್ಟಲೆ ದೀಪ.
ನಮಗ ಬೇಕಾದದ್ದು ಅದರಾಗ ಇರಲಿಲ್ಲ.
ಎಂಜಿನ್ ಬಂದ ಮಾಡಿ ಇಳಿಜಾರಿಗೆ ಬಿಟ್ಟಿವಿ,
ಏನರ ದನಿ ಕೇಳಲಿ ಅಂತ.

ಮೂರನೇ ತಿರುವಿಗೆ ಕೇಳಿತು.
ಕಟ್ಟೀಗೆ ಒರಗಿ, ಕತ್ತಲಾಗ, ಟ್ಯಾಂಕು ಸವರಕೋತ:
"ಏಳವಾ, ಹೋತಾತು. ಸಿಟಾ ಕಾ?"
ಮೂರ ಮಾತಿನ್ಯಾಗ ನಾಕ ತಪ್ಪು.
ಮೂವತ್ತೆಂಟು ವರ್ಷ ಓಣಿ ಓಣಿಯಾಗ
"ಪೋಸ್ಟ್!" ಅಂತ ಒದರಿದ ಗಂಟಲು
ತನಗ ತಿಳೀಲಾರದ ಭಾಷಾದಾಗ
ಕಬ್ಬಿಣಕ್ಕ ಕೈ ಮುಗೀತಿತ್ತು.

ನಾವು ನಗಲಿಲ್ಲ. ಅಂದ್ರ, ಕೂಡಲೇ ನಗಲಿಲ್ಲ.
ಮೊದಲ ಶುರು ಮಾಡಿದ್ದು ಆ ಹೊಸಾ ಹುಡುಗ,
ಆಮ್ಯಾಲ ಯಾರೂ ತಡಕೊಳ್ಳಲಿಲ್ಲ, ವಾಮನರಾವನೂ.

ಕಾಯಿಲ್ ಸುಟ್ಟಿತ್ತು.
ಕನ್ನಡಕ್ಕಲ್ಲ, ಸಂಸ್ಕೃತಕ್ಕೂ ಏಳೂವಂಥಾದ್ದಲ್ಲ.
ಖೇಡ ಶಿವಾಪುರದ ಚಹಾ ಅವತ್ತಿಗೆ ಹೋತು.
ಘಾಟಿನ ಬುಡದ ತನಕ ಇಳಿಜಾರ ತಾನ ತಂತು,
ಅಲ್ಲಿಂದ ಉಳ್ಳಾಗಡ್ಡಿ ಚೀಲದ ಹಗ್ಗ, ನನ್ನ ಗಾಡೀಗೆ ಕಟ್ಟಿ.
"ತಿಕೀಟು ಎಷ್ಟು?" ಅಂದ ವಾಮನರಾವ ಹಿಂದಿಂದ.
"ಚಿಲ್ಲರ ಇದ್ರ ಕೊಡ್ರಿ," ಅಂದೆ.
ಕನ್ನಡಿ ನೋಡಿದೆ. ಬೆಳಕ ಹರದಿತ್ತು,
ದೀಪ ಎಣಸಾಕ ಬರೂಹಂಗ ಇರಲಿಲ್ಲ.
ಹಗ್ಗಾ ಮಾತ್ರ ಜಗ್ಗತಿತ್ತು.