ಮರುಸೋಳ ಸುಣ್ಣ

ಸಿಕಿನೋಸ್ ದ್ವೀಪದಲ್ಲಿ ನನಗೆ ಒಂದು ವರ್ಷದ ಡ್ಯೂಟಿ.
ಒಂದು ಮಂಚ, ಒಂದು ಇಸಿಜಿ ಯಂತ್ರ, ವಾರಕ್ಕೆ ಮೂರು ಹಡಗು,
ಗಾಳಿ ಒಪ್ಪಿದರೆ.

ಮರುಸೋಗೆ ಎಂಬತ್ತೆರಡು.
ಮೆಟ್ಟಿಲ ಬೀದಿ ಹತ್ತುವಾಗ ಹನ್ನೊಂದನೆಯದರಲ್ಲಿ ನಿಲ್ಲುತ್ತಾಳೆ,
ಬೆಕ್ಕನ್ನು ಬೈಯುತ್ತಾಳೆ.
ಇಪ್ಪತ್ತೆರಡರಲ್ಲಿ ಕಲ್ಲಸಂದಿಯ ಹುಲ್ಲು ಕೀಳುತ್ತಾಳೆ.
ಮೂವತ್ತರಲ್ಲಿ ಬೆಕ್ಕೂ ಇಲ್ಲ, ಹುಲ್ಲೂ ಇಲ್ಲ;
ಸುಮ್ಮನೆ ಕಡಲು ನೋಡುತ್ತಾಳೆ,
ಹುಟ್ಟಿದಂದಿನಿಂದ ಕಂಡ ಅದೇ ಕಡಲು.

ಜನವರಿಯ ಒಂದು ಭಾನುವಾರ ಪೂಜೆಯ ನಡುವೆ ಕುಸಿದಳು.
"ಧೂಪದ ಹೊಗೆ," ಅಂದಳು ಕಣ್ಣು ಬಿಟ್ಟು.
ಸ್ಟೆತಸ್ಕೋಪ್ ಇಟ್ಟೆ.
ಲಬ್ ಅಂದಿತು. ಡಬ್ ಬರುವ ಮೊದಲು
ಮೊಂಡ ಗರಗಸ ಒದ್ದೆ ಮರ ಕೊಯ್ದಂತೆ ಕರಕರ,
ಕೊರಳ ತನಕ ಹತ್ತಿತ್ತು.

ಹೃದಯದ ಹೊರಬಾಗಿಲು, ಅಜ್ಜಿ, ಮೂರು ಎಸಳಿನದು.
ಸುಣ್ಣ ಕಟ್ಟಿ ಬಿಗಿದಿದೆ, ಪೂರ್ತಿ ತೆರೆಯುತ್ತಿಲ್ಲ.

ನಕ್ಕಳು, ಉಸಿರು ಸಿಗದಷ್ಟು.
"ಎಪ್ಪತ್ತು ವರ್ಷ, ಈಸ್ಟರಿಗೆ ಮುಂಚೆ,
ಇಡೀ ಬೀದಿಗೆ ಸುಣ್ಣ ಬಳಿದವಳು ನಾನು.
ಒಳಗೂ ಬಳಿದುಬಿಟ್ಟೆನೇ?"
ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ವಯಸ್ಸು, ಸವೆತ, ಅಂದೆ.
ನಂಬಲಿಲ್ಲ.
"ಸೋತು ಸುಣ್ಣ ಆಗೋದು ಅಂದ್ರೆ ಇದೇ ಕಣಪ್ಪ."

ಅಥೆನ್ಸಿನಲ್ಲಿ ತೊಡೆಯ ನಾಳದಿಂದ ತೂರಿಸುತ್ತಾರೆ ಹೊಸ ಕವಾಟ,
ಎದೆ ಸೀಳುವುದಿಲ್ಲ.
ತಂತಿಯ ಪುಟ್ಟ ಬುಟ್ಟಿ, ಅದರೊಳಗೆ ಹಸುವಿನ ಪೊರೆ.
"ಯಾರ ಹಸು?"
ಗೊತ್ತಿಲ್ಲ.
"ಹೆಸರಾದರೂ?"

ಎರಡು ದಿನ ಬಿಟ್ಟು ನಿಜವಾದ ಚಿಂತೆ ಹೊರಬಿತ್ತು:
ನಲವತ್ತು ದಿನದ ವ್ರತದಲ್ಲಿ ಮಾಂಸ ಮುಟ್ಟದ ತಾನು
ಹಸುವನ್ನು ಎದೆಯಲ್ಲೇ ಇಟ್ಟುಕೊಂಡರೆ?
ಪಾದ್ರಿ ಸ್ತಮಾಟಿಸ್ ಗಡ್ಡ ನೀವಿಕೊಂಡರು, ಬಹಳ ಹೊತ್ತು.
"ಅಗಿಯಬೇಡ," ಎಂದರು, "ಸಾಕು."

ಹಡಗು ಬರಲು ಮತ್ತೆ ಮೂರು ದಿನ.
ಬೀಗದ ಕೈ ನನ್ನ ಮೇಜಿನ ಮೇಲಿಟ್ಟಳು;
ಬೆಕ್ಕಿಗೆ ಮೀನಿನ ತಲೆ, ಬಾಲ ಬೇಡ, ಎಂದಳು.
ತನ್ನ ಬಗ್ಗೆ ಏನೂ ಕೇಳಲಿಲ್ಲ.
ನಾನೂ ಹೇಳಲಿಲ್ಲ,
ಎಷ್ಟು ಜನ ಮರಳುತ್ತಾರೆ, ಎಷ್ಟು ಜನ ಇಲ್ಲ ಎಂದು.

ಈ ವರ್ಷ ಸುಣ್ಣ ಬಳಿಯುತ್ತಿರುವವನು ನಾನು.
ಬೆರಳ ಸಂದಿ ಸುಟ್ಟು ಬಿರಿದಿದೆ.
ಹನ್ನೊಂದನೆಯ ಮೆಟ್ಟಿಲಲ್ಲಿ ಬೆನ್ನ ಹಿಂದೆ ದನಿ:
"ಅಲ್ಲೊಂದು ಸಂದಿ ಬಿಟ್ಟೆ, ಡಾಕ್ಟರೇ!"
ಹಸಿ ಬಿಳುಪನ್ನು ತುಳಿದು ಬೆಕ್ಕು ಓಡುತ್ತದೆ.
ಅವಳು ಬೈಯುತ್ತಾಳೆ,
ಬೈಯುತ್ತಲೇ
ನನ್ನನ್ನು ದಾಟಿ ಮೇಲೆ ಹತ್ತುತ್ತಾಳೆ.