ಕಿವಿ ಕೊಟ್ಟವಳು

ಮರದ ಮಿಲ್ಲಿನ ಗರಗಸ ಮೂವತ್ತೊಂದು ವರ್ಷ
ಹಲಗೆಗಳ ಜೊತೆಗೇ ಅಜ್ಜನ ಕಿವಿಯನ್ನೂ
ತೆಳ್ಳಗೆ ಸೀಳಿ ಮುಗಿಸಿತ್ತು.
ಉಳಿದದ್ದು ಕಣ್ಣು. ಕಣ್ಣಿಗೊಂದು ದುರ್ಬೀನು.
ಅದರ ಪಟ್ಟಿ ಕತ್ತಿನ ಹಿಂದೆ ಕೆಂಪು ಗೆರೆ ಕೊರೆದು,
ಬಗ್ಗಿದಾಗೆಲ್ಲ ಗಡಿಯಾರದ ಲೋಲಕದಂತೆ ತೂಗಿ
ಬಂಡೆಗೆ ಠಣ್ಣೆಂದು ಬಡಿಯುವುದು.
ಆ ಠಣ್ಣು ಕಾಡಿಗೆಲ್ಲ ಕೇಳುವುದು, ಅವನೊಬ್ಬನನ್ನು ಬಿಟ್ಟು.
ಹೋದ ವರ್ಷ ಹೀಗೇ ಹೋಯಿತು ಒಂದು ಎಲ್ಕ್,
ಆರು ಕವಲಿನ ಕೊಂಬಿನದು.

ಅದಕ್ಕೇ ಆಗಸ್ಟಿನ ಕೊನೆಯ ಶನಿವಾರ
ಡಾರ್ಬಿ ಪೇಟೆಯಲ್ಲಿ ಮಿಸೆಸ್ ಪ್ರಾಟ್‌ಳ ಅಂಗಡಿ.
ಬಿಟರ್‌ರೂಟ್ ಬೆಟ್ಟಗಳಲ್ಲಿ ಎಲ್ಲೋ ಕಾಡ್ಗಿಚ್ಚು,
ಕಿಟಕಿಯಾಚೆ ಕಂದು ಸೂರ್ಯ,
ಗಲ್ಲಾದ ಮೇಲೆ ಐದು ಎದೆಚೀಲ
ಮಗುಚಿಬಿದ್ದ ಆಮೆಗಳ ಹಾಗೆ.

ಒಂದೊಂದನ್ನೂ ತೊಟ್ಟ.
ಹೆಗಲು ದಾಟಿ ಬೆನ್ನಲ್ಲಿ ಕತ್ತರಿಯಾಗುವ ಪಟ್ಟಿಗಳನ್ನು
ಎಳೆದ, ಸಡಿಲಿಸಿದ, ಬೈದ.
ಜೇಬಿನ ಸಾಮಾನೆಲ್ಲ ಅಳತೆಗೆಂದು ತಂದಿದ್ದ:
ಗಾಳಿಯ ದಿಕ್ಕು ಹೇಳುವ ಪುಡಿಯ ಬಾಟಲಿ,
ದೂರ ಅಳೆಯುವ ಯಂತ್ರ,
ಪರವಾನಗಿ ಚೀಟಿ, ಅದನ್ನು ಕೊಂಬಿಗೆ ಕಟ್ಟಲು ದಾರ,
ಗಾಜು ಒರೆಸಲು ಅಜ್ಜಿಯ ಹಳೇ ಲಂಗದ ತುಂಡು,
ಮೋಟು ಪೆನ್ಸಿಲ್ಲು, ಶುಂಠಿ ಮಿಠಾಯಿ.
"ಉಸಿರಿಗೆ ಜಾಗ ಬಿಟ್ಟು ಮಿಕ್ಕೆಲ್ಲ ಹಿಡಿಸಬೇಕು" ಅಂದ,
ಊರಿಗೇ ಕೇಳುವ ಹಾಗೆ.

ಆಮೇಲೆ ನನ್ನ ಕಡೆ ತಿರುಗಿದ. ನನಗಾಗ ಹತ್ತು.
"ಮಾರ್ನಿ, ನಿನ್ನ ಕಿವಿ ಕೊಡು ಸ್ವಲ್ಪ.
ಆ ಬೂಟುಗಳ ಸಾಲಿನ ಹಿಂದೆ ಬೆನ್ನು ಮಾಡಿ ನಿಲ್ಲು.
ನೀನೀಗ ಎಲ್ಕ್.
ಮುಚ್ಚಳ ತೆರೆದದ್ದು ಕೇಳಿಸಿದರೆ ಕೈ ಎತ್ತು."

ನಿಂತೆ. ರಬ್ಬರಿನ ವಾಸನೆ.
ಎಲ್ಕ್ ಆಗುವುದು ಸುಲಭವಿರಲಿಲ್ಲ:
ಮೊದಲು ಫ್ರಿಜ್ಜಿನ ಗುಂಯ್‌ಗುಟ್ಟು,
ಆಮೇಲೆ ಮಿಸೆಸ್ ಪ್ರಾಟ್ ಉಗುರು ಕಡಿಯುವುದು,
ಆಮೇಲೆ ನನ್ನದೇ ನೆತ್ತರು ಕಿವಿಯೊಳಗೆ ನಡೆಯುವುದು.

ಪರ್ರ್! ವೆಲ್ಕ್ರೋ. ಕೈ ಎತ್ತಿದೆ.
ಆ ಸದ್ದಿಗೆ ಬೆಟ್ಟದಾಚೆ ಐಡಾಹೋದ ಜಿಂಕೆಗಳೂ ಎದ್ದಿರಬೇಕು.
ಝುಯ್. ಜಿಪ್ಪು. ಎತ್ತಿದೆ.
ಕಟಕ್. ಪ್ಲಾಸ್ಟಿಕ್ ಕೊಂಡಿ. ಎತ್ತಿದೆ.
ರಬ್ಬರ್ ಹುರಿಯ ಕೊಕ್ಕೆಯದು ಬರೀ ನಿಟ್ಟುಸಿರು,
ಅದಕ್ಕೂ ಎತ್ತಿದೆ, ಅರ್ಧ.

ಐದನೆಯದು ಅಯಸ್ಕಾಂತದ್ದು.
ಟಪ್.
ಹಿಮದ ಮೇಲೆ ಪೈನ್ ಕಾಯಿ ಬಿದ್ದ ಹಾಗೆ.
ಕೇಳಿತು.
ಕೈ ಮೇಲೇಳಲಿಲ್ಲ.

ಯಾಕೆಂದು ಇವತ್ತಿಗೂ ನೆಟ್ಟಗೆ ಹೇಳಲಾರೆ.
ಅಷ್ಟು ಹೊತ್ತು ಎಲ್ಕ್ ಆಗಿ ನಿಂತಿದ್ದೆನಲ್ಲ,
ನಮ್ಮವರಿಗೆ ಒಂದು ಟಪ್ಪಾದರೂ ಇರಲಿ ಅನ್ನಿಸಿತೇನೋ.
ಮೂರು ಸಲ ತೆರೆದ. ಮೂರು ಸಲವೂ ನಾನು ಮರ.
ಮಿಸೆಸ್ ಪ್ರಾಟ್ ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತ
ನೂರಾ ನಲವತ್ತು ಡಾಲರಿಗೆ ರಸೀತಿ ಹರಿದಳು.
ಹವಾಮಾನದವರನ್ನೂ ಪಾದ್ರಿಯನ್ನೂ ನಂಬದ ಅಜ್ಜ
ನನ್ನೊಬ್ಬಳ ಪಾಲಿಗೆ ಹಿತ್ತಾಳೆ ಕಿವಿ.

ಅಕ್ಟೋಬರ್ ಕೊನೆ. ನಸುಕು. ಅರವತ್ತು ಗಜದಾಚೆ
ಬಿಳಿ ಉಸಿರು ಬಿಡುತ್ತ ಮೇಯುವ ಗಂಡು.
ಗಾಳಿ ಅದರ ಕಡೆಯಿಂದ ನಮ್ಮ ಕಡೆಗೆ, ಪುಡಿ ಹೇಳಿತು.
ಅಜ್ಜ ಆಣೆಯಿಡುವವನ ಹಾಗೆ ಎದೆಯ ಮೇಲೆ ಕೈಯಿಟ್ಟು
ಮುಚ್ಚಳ ಎತ್ತಿದ.
ಟಪ್.
ತಲೆ ಎದ್ದಿತು. ಎರಡು ಅಗಲ ಕಿವಿ
ನಮ್ಮತ್ತ ತಿರುಗಿ ನಿಂತವು.
ಅಜ್ಜ ನೋಡಿದ್ದು ಅದನ್ನಲ್ಲ, ನನ್ನನ್ನು.
ಆಮೇಲೆ ಇಳಿಜಾರು ಖಾಲಿ.

ಬೈಯಲಿಲ್ಲ. ಶುಂಠಿ ಮಿಠಾಯಿ ಹಲ್ಲಲ್ಲಿ ಕಚ್ಚಿ ಎರಡು ಮಾಡಿ
ದೊಡ್ಡ ಚೂರು ನನಗೆ ಕೊಟ್ಟ.
ಚೀಲ ಬದಲಿಸಲೂ ಇಲ್ಲ, ಆ ವರ್ಷ, ಮುಂದಿನ ಯಾವ ವರ್ಷವೂ.

ಈಗ ಅದು ನನ್ನ ಎದೆಯ ಮೇಲೆ.
ಪಟ್ಟಿಯ ಹೆಚ್ಚಿನ ಉದ್ದ ಮಡಚಿ ಹೊಲಿದಿದ್ದೇನೆ.
ಅಯಸ್ಕಾಂತಕ್ಕೆ ಕಬ್ಬಿಣದ ಕರಿಮಣ್ಣು ಮೆತ್ತಿ
ಸದ್ದು ಸಣ್ಣಗಾಗಿದೆ, ಸತ್ತಿಲ್ಲ.
ಅಂಗಡಿಗೆ ಹೊಸವು ಬಂದಿವೆ, ಸದ್ದೇ ಇಲ್ಲವಂತೆ.
ಹೋದ ವಾರ ಒಂದನ್ನು ತೊಟ್ಟೆ, ತೆರೆದೆ, ಮುಚ್ಚಿದೆ,
ಬೂಟುಗಳ ಸಾಲಿನ ಕಡೆ ಒಮ್ಮೆ ನೋಡಿ
ಗಲ್ಲಾದ ಮೇಲೆ ಬಿಟ್ಟು ಬಂದೆ.